ಏಲಕ್ಕಿಯೂ ಕುಟ್ಟಾಣಿಯೂ

ನಮ್ಮ ಮನೆಯಲ್ಲಿ ಏಲಕ್ಕಿಯನ್ನು ಎಣಿಸಿ ತೆಗೆಯುವುದು ಪದ್ಧತಿಯಾಗಿತ್ತು. ಅಕ್ಕಿಯನ್ನು ಪಾವಿನಿಂದ ಅಳೆಯುತ್ತಿದ್ದರು, ಬೇಳೆಯನ್ನು ಹಿಡಿಯಿಂದ, ಉಪ್ಪನ್ನು ಕೈಯ ಅಂದಾಜಿನಿಂದ. ಏಲಕ್ಕಿಯನ್ನು ಮಾತ್ರ ಒಂದು, ಎರಡು ಎಂದು ಎಣಿಸಿ, ಡಬ್ಬಿಯ ಮುಚ್ಚಳವನ್ನು ಕೂಡಲೇ ಭದ್ರವಾಗಿ ಹಾಕುತ್ತಿದ್ದರು. ದಿನದ ಅಡಿಗೆಗೆ ಅದು ಇಳಿಯುತ್ತಿರಲಿಲ್ಲ. ಹಬ್ಬ ಬರಬೇಕು, ನೆಂಟರು ಬರಬೇಕು, ಇಲ್ಲವೆ ಮನೆಯಲ್ಲಿ ಯಾರಿಗಾದರೂ ಹೊಟ್ಟೆ ತೊಳಸಬೇಕು. ಈ ಮೂರು ಸಂದರ್ಭಗಳಲ್ಲಿ ಒಂದಾದರೂ ಒದಗಿದಾಗ ಆ ಪುಟ್ಟ ಹಿತ್ತಾಳೆ ಡಬ್ಬಿ ಕೆಳಗಿಳಿಯುತ್ತಿತ್ತು. ಬಿಡಿಸಿದ ಸಿಪ್ಪೆಯನ್ನು ಕೂಡ ಅಮ್ಮ ಎಸೆಯುತ್ತಿರಲಿಲ್ಲ. ಸಕ್ಕರೆ ಡಬ್ಬಿಯಲ್ಲೋ ಚಹದ ಪುಡಿಯಲ್ಲೋ ಹಾಕಿಡುತ್ತಿದ್ದಳು. ಮುಖ್ಯ ಅತಿಥಿ ಹೋದ ಮೇಲೂ ಸಭಾಂಗಣದಲ್ಲಿ ಸ್ವಲ್ಪ ಹೊತ್ತು ಗೌರವ ಉಳಿದಿರುವಂತೆ, ಆ ಸಕ್ಕರೆಯಲ್ಲಿ ಸ್ವಲ್ಪ ಕಾಲ ಏಲಕ್ಕಿಯ ನೆನಪು ಇರುತ್ತಿತ್ತು.

ಎಣಿಸುವುದಕ್ಕೆ ಕಾರಣವಿತ್ತು. ಮಸಾಲೆಗಳ ಪೈಕಿ ಕೇಸರಿ, ವೆನಿಲಾಗಳನ್ನು ಬಿಟ್ಟರೆ ಬೆಲೆಯಲ್ಲಿ ಮುಂದಿನ ಸ್ಥಾನ ಏಲಕ್ಕಿಗೆ ಎಂದು ವ್ಯಾಪಾರ ಬಲ್ಲವರು ಹೇಳುತ್ತಾರೆ. ಕೇರಳದಲ್ಲಿ 2018ರ ಮಹಾ ನೆರೆಯಿಂದ ತೋಟಗಳು ಹಾಳಾಗಿ, ಮರುವರ್ಷ ಮಳೆ ಕೈಕೊಟ್ಟು, 2019ರ ಆಗಸ್ಟಿನಲ್ಲಿ ಇಡುಕ್ಕಿಯ ಹರಾಜಿನಲ್ಲಿ ಕಿಲೋ ಒಂದಕ್ಕೆ 7000 ರೂಪಾಯಿ ಬೆಲೆ ಮುಟ್ಟಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗ, ನಮ್ಮ ಅಮ್ಮನ ಎಣಿಕೆ ಜಿಪುಣತನವಲ್ಲ, ಅರ್ಥಶಾಸ್ತ್ರ ಎಂದು ನನಗೆ ಅನ್ನಿಸಿತು.

ಹೆಸರಿನಲ್ಲೂ ಒಂದು ಸ್ವಾರಸ್ಯವುಂಟು. ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಶಬ್ದವನ್ನು ಬಿಡಿಸಿ ನೋಡುವ ಚಟ ತಪ್ಪದು, ಓದುಗರು ಸಹಿಸಿಕೊಳ್ಳಬೇಕು. ಏಲ ಎಂಬುದಕ್ಕೆ ಅಕ್ಕಿ ಸೇರಿ ಏಲಕ್ಕಿ. ತಮಿಳಿನಲ್ಲಿ ಏಲದ ಜೊತೆಗೆ ಅರಿಸಿ ಸೇರುತ್ತದೆ, ಮಲಯಾಳದಲ್ಲಿ ಅರಿ ಸೇರುತ್ತದೆ; ಅರಿಸಿ, ಅರಿ, ಅಕ್ಕಿ ಎಲ್ಲವೂ ಒಂದೇ. ಸಂಸ್ಕೃತದ 'ಏಲಾ' ಕೂಡ ದ್ರಾವಿಡದಿಂದ ಹೋದದ್ದೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಮಲಯಾಳದ ಹೆಸರನ್ನು 17ನೆಯ ಶತಮಾನದಲ್ಲಿ ಡಚ್ಚರು ಬರೆದುಕೊಂಡು ಹೋದರು. ಇಂದು ಸಸ್ಯಶಾಸ್ತ್ರಜ್ಞರು ಈ ಗಿಡವನ್ನು ಎಲೆಟೇರಿಯ ಎಂದು ಕರೆಯುವುದು ಅದರಿಂದಲೇ. ಪಶ್ಚಿಮ ಘಟ್ಟದ ಕಾಡಿನಲ್ಲಿ ತಾನಾಗಿ ಹುಟ್ಟಿದ ಶುಂಠಿಯ ಬಂಧು ಇದು. ನಮ್ಮ ಹಿರಿಯರು ಅದರ ಬೀಜವನ್ನು ನೋಡಿ ಅಕ್ಕಿ ಎಂದರು. ಹೊಟ್ಟೆ ತುಂಬದ ಅಕ್ಕಿ, ಆದರೆ ಅಕ್ಕಿಯೇ!

ಹೊಟ್ಟೆ ತುಂಬದ ಈ ಅಕ್ಕಿಗೆ ಲೋಕದಲ್ಲಿ ಇರುವ ಮರ್ಯಾದೆ ಸಣ್ಣದಲ್ಲ. ನಮ್ಮಲ್ಲಿ ಪಾಯಸಕ್ಕೆ, ಹೋಳಿಗೆಯ ಹೂರಣಕ್ಕೆ, ಕೇಸರಿಭಾತಿಗೆ, ಪಾನಕಕ್ಕೆ ಅದು ಬೇಕು. ಊಟವಾದ ಮೇಲೆ ತಾಂಬೂಲಕ್ಕೆ ಬೇಕು. ವೈದ್ಯರಿಗೂ ಬೇಕು: ದಾಲ್ಚಿನ್ನಿ, ಪತ್ರೆಗಳೊಡನೆ ಸೇರಿ ತ್ರಿಜಾತಕವಾಗುತ್ತದೆ, ನಾಗಕೇಸರ ಕೂಡಿದರೆ ಚಾತುರ್ಜಾತಕ. ಕೆಮ್ಮಿಗೆ ಕೊಡುವ ಸಿತೋಪಲಾದಿ ಚೂರ್ಣದಲ್ಲಿ ಕಲ್ಲುಸಕ್ಕರೆ 16 ಭಾಗವಾದರೆ ಏಲಕ್ಕಿ 2 ಭಾಗ. ಅರಬರು ಕಾಫಿಗೆ ಅದನ್ನು ಧಾರಾಳವಾಗಿ ಹಾಕಿ ಅತಿಥಿಗೆ ಕೊಡುತ್ತಾರೆ. ಅವರ ನಾಡಿನಲ್ಲಿ ಅದು ಸತ್ಕಾರದ ಭಾಷೆ. ಏಲಕ್ಕಿಯ ಗಿಡವನ್ನು ಕಣ್ಣಿನಿಂದ ಕಾಣದ ಸ್ವೀಡನ್, ಫಿನ್ಲೆಂಡ್‌ಗಳ ಜನ ಅದನ್ನು ಬನ್ನಿನ ಹಿಟ್ಟಿಗೆ ಬೆರೆಸಿ, ಇದು ನಮ್ಮ ಅಜ್ಜಿಯ ಕಾಲದ ರುಚಿ ಎನ್ನುತ್ತಾರೆ. ಅಜ್ಜಿಯರು ಎಲ್ಲ ದೇಶಗಳಲ್ಲೂ ಒಂದೇ ಎಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣ ಬೇಡ.

ಏಲಕ್ಕಿಯನ್ನು ಬಳಸುವುದಕ್ಕೆ ಒಂದು ಕ್ರಮವಿದೆ. ಮೊದಲು ಸಿಪ್ಪೆಯನ್ನು ಬಿಡಿಸಬೇಕು. ಒಳಗೆ ಹದಿನೈದಿಪ್ಪತ್ತು ಕಪ್ಪು ಬೀಜಗಳು ಒಂದಕ್ಕೊಂದು ಅಂಟಿಕೊಂಡು ಕುಳಿತಿರುತ್ತವೆ. ಅವನ್ನು ಸ್ವಲ್ಪ ಸಕ್ಕರೆಯೊಡನೆ ಕುಟ್ಟಾಣಿಗೆ ಹಾಕಬೇಕು. ಸಕ್ಕರೆಯ ಹರಳು ಬೀಜವನ್ನು ಹಿಡಿದು ನಿಲ್ಲಿಸಿ ಪುಡಿಯಾಗಲು ನೆರವಾಗುತ್ತದೆ. ಬೇಕಾದಷ್ಟನ್ನೇ ಕುಟ್ಟಬೇಕು. ಒಲೆಯಿಂದ ಪಾತ್ರೆ ಇಳಿಸುವಾಗ ಕಡೆಯದಾಗಿ ಹಾಕಿ ಮುಚ್ಚಬೇಕು. ಮೊದಲೇ ಹಾಕಿ ಕುದಿಸಿದರೆ ಪಾಯಸಕ್ಕೆ ಬರಬೇಕಾದ ಕಂಪು ಬೀದಿಯ ಪಾಲಾಗುತ್ತದೆ. ಚಿಕ್ಕಂದಿನಲ್ಲಿ ಕುಟ್ಟಾಣಿಯ ಸದ್ದು ಕೇಳಿದೊಡನೆ ನಾವು ಮಕ್ಕಳು ಅಡಿಗೆಮನೆಗೆ ಓಡುತ್ತಿದ್ದೆವು. ಎರಡು ಪೆಟ್ಟು ಬೀಳುವಷ್ಟರಲ್ಲಿ ಆ ಪರಿಮಳ ನಡುಮನೆಯನ್ನು ದಾಟಿ ಜಗುಲಿಯವರೆಗೆ ಬಂದಿರುತ್ತಿತ್ತು.

ಆ ಎರಡು ಪೆಟ್ಟಿನಿಂದ ನಾನೊಂದು ನೀತಿಯನ್ನು ಕಲಿತೆ, ಅಥವಾ ಕಲಿತೆನೆಂದು ಭಾವಿಸಿದೆ. ಕುಟ್ಟಿದಾಗಲೇ ಏಲಕ್ಕಿಯ ಪರಿಮಳ ಹೊರಗೆ ಬರುವುದು; ಕಷ್ಟ ಬಂದಾಗಲೇ ಮನುಷ್ಯನ ಗುಣ ಹೊರಗೆ ಬರುವುದು. ಎಂಥ ಸೊಗಸಾದ ಸಾಮ್ಯ! ಅಧ್ಯಾಪಕನಾದ ಮೇಲೆ ಅದನ್ನು ಇಪ್ಪತ್ತು ವರ್ಷ ತರಗತಿಯಲ್ಲಿ ಬಳಸಿದ್ದೇನೆ. ಗಂಧ ತೇದಷ್ಟೂ ಕಂಪು, ಚಿನ್ನ ಕಾದಷ್ಟೂ ಹೊಳಪು, ಕಬ್ಬು ಅರೆದಷ್ಟೂ ಸಿಹಿ ಎನ್ನುವ ಮಾತುಗಳು ನಮ್ಮ ಸುಭಾಷಿತಗಳಲ್ಲಿ, ಹಿರಿಯರ ಬಾಯಲ್ಲಿ ಬೇಕಾದಷ್ಟಿವೆ. ಆ ಸಾಲಿಗೆ ನನ್ನದೊಂದು ಏಲಕ್ಕಿ. ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿದ್ದೇನೆ, ಸಂತಾಪಸಭೆಗಳಲ್ಲಿ ಹೇಳಿದ್ದೇನೆ, ನೌಕರಿ ಹೋದ ಗೆಳೆಯನೊಬ್ಬನಿಗೆ ಪತ್ರದಲ್ಲಿ ಬರೆದಿದ್ದೇನೆ. ಎಲ್ಲರೂ ತಲೆದೂಗಿದ್ದರು. ಸಾಮ್ಯ ಸೊಗಸಾಗಿದ್ದರೆ ಜನ ಅದನ್ನು ಪರೀಕ್ಷಿಸುವುದಿಲ್ಲ, ನಾನೂ ಪರೀಕ್ಷಿಸಿರಲಿಲ್ಲ.

ಪರೀಕ್ಷಿಸಿದವಳು ಒಬ್ಬ ವಿದ್ಯಾರ್ಥಿನಿ. ಕೆಲವು ವರ್ಷಗಳ ಹಿಂದಿನ ಮಾತು. ಹುಡುಗಿ ಮಲೆನಾಡಿನವಳು, ತಾಯಿ ಅಲ್ಲಿಯ ತೋಟವೊಂದರಲ್ಲಿ ಕೂಲಿ. ತಂದೆ ಇರಲಿಲ್ಲ. ನಗರದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದಳು. ಆ ವರ್ಷ ದಸರೆಗೆ ಊರಿಗೆ ಹೋದವಳು ಸುಮಾರು ಎರಡು ತಿಂಗಳು ಬರಲಿಲ್ಲ. ಬಂದಾಗ ಹಾಜರಿ ಸಾಲದಾಗಿತ್ತು. ನೂರಕ್ಕೆ 75 ಇರಬೇಕೆಂಬ ನಿಯಮ; ಅವಳದ್ದು ಅದಕ್ಕಿಂತ ಬಹಳ ಕೆಳಗೆ ಬಿದ್ದಿತ್ತು. ತಾಯಿ ಕಾಯಿಲೆ ಬಿದ್ದಿದ್ದಳಂತೆ. ಅದು ಏಲಕ್ಕಿ ಕೊಯ್ಲಿನ ಕಾಲ. ಕೆಲಸಕ್ಕೆ ಯಾರೂ ಹೋಗದಿದ್ದರೆ ತೋಟದವರು ಕೊಟ್ಟಿದ್ದ ಲೈನ್ ಮನೆ ಉಳಿಯುತ್ತದೋ ಇಲ್ಲವೋ ಎಂಬ ಭಯದಿಂದ ತಾಯಿಯ ಬದಲಿಗೆ ಇವಳೇ ಕೊಯ್ಲಿಗೆ ಹೋಗಿದ್ದಳು.

ಅವಳು ಬಂದದ್ದು ನನ್ನಿಂದ ಒಂದು ಪತ್ರ ಕೇಳುವುದಕ್ಕೆ. ಕಾರಣಗಳನ್ನು ವಿವರಿಸಿ, ಹಾಜರಿಯ ಕೊರತೆಯನ್ನು ಮನ್ನಿಸಬೇಕೆಂದು ನಾನು ಶಿಫಾರಸು ಬರೆಯಬೇಕಾಗಿತ್ತು. ಬರೆಯಬಹುದಾಗಿತ್ತು, ಅದಕ್ಕೆ ಅರ್ಧ ಗಂಟೆ ಹಿಡಿಯುತ್ತಿತ್ತು. ಆದರೆ ಒಬ್ಬಳಿಗೆ ಬರೆದರೆ ಹತ್ತು ಜನ ಬರುತ್ತಾರೆ, ಮೇಲಿನವರು ಏನೆನ್ನುತ್ತಾರೋ, ಆ ದಿನ ಬೇರೆ ಕೆಲಸವೂ ಇತ್ತು. 'ನೋಡೋಣ' ಎಂದೆ. ಈ 'ನೋಡೋಣ' ಎಂಬ ಕನ್ನಡ ಪದದ ಅರ್ಥ 'ನೋಡುವುದಿಲ್ಲ' ಎಂದು ಎಲ್ಲ ಕನ್ನಡಿಗರಿಗೂ ಗೊತ್ತು. ಅವಳ ಮುಖ ಬಾಡಿತು. ಬಾಡಿದ ಮುಖವನ್ನು ಹಾಗೆಯೇ ಕಳಿಸುವುದು ಸರಿಯಲ್ಲವೆಂದು ನನ್ನ ಹಳೆಯ ಏಲಕ್ಕಿಯನ್ನು ಹೊರತೆಗೆದೆ. 'ಕಷ್ಟಕ್ಕೆ ಹೆದರಬಾರದಮ್ಮ. ನೀನು ಏಲಕ್ಕಿಯ ನಾಡಿನವಳು. ಕುಟ್ಟಿದರೆ ತಾನೆ ಅದರ ಪರಿಮಳ?' ಎಂದೆ.

ಹುಡುಗಿ ತಲೆದೂಗಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಯಾವ ಕೋಪವೂ ಇಲ್ಲದ ದನಿಯಲ್ಲಿ ಹೇಳಿದಳು: 'ನಮ್ಮಲ್ಲಿ ಕುಟ್ಟೋದಿಲ್ಲ ಸರ್. ಒಡೆದ ಕಾಯಿಗೆ ರೇಟು ಕಡಿಮೆ.' ನಮಸ್ಕಾರ ಮಾಡಿ ಹೊರಟುಹೋದಳು.

ಅವಳು ಹೇಳಿದ್ದು ಬರಿಯ ವ್ಯಾಪಾರದ ಸಂಗತಿ. ಏಲಕ್ಕಿಯನ್ನು ದರ್ಜೆಗಳಾಗಿ ವಿಂಗಡಿಸುವಾಗ ಗಾತ್ರ, ಬಣ್ಣ, ತೂಕಗಳ ಜೊತೆಗೆ ಒಡಕು ಕಾಯಿ ಎಷ್ಟಿದೆ ಎಂದೂ ನೋಡುತ್ತಾರೆ. ಬಾಯಿ ಬಿಟ್ಟ ಕಾಯಿ ಕೆಳಗಿನ ದರ್ಜೆಗೆ ಹೋಗುತ್ತದೆ. ಸಿಪ್ಪೆ ಮುಚ್ಚಿರುವವರೆಗೆ ಬೀಜದ ಕಂಪು ತಿಂಗಳುಗಟ್ಟಲೆ ಉಳಿಯುತ್ತದೆ. ಬಿಡಿಸಿದ ಬೀಜ ಬೇಗ ಸಪ್ಪೆಯಾಗುತ್ತದೆ. ಪುಡಿಯಂತೂ ಇನ್ನೂ ಬೇಗ. ಆದ್ದರಿಂದ ಏಲಕ್ಕಿಯನ್ನು ಬೆಳೆಯುವವರ ಶ್ರಮವೆಲ್ಲ ಅದು ಒಡೆಯದಂತೆ ನೋಡಿಕೊಳ್ಳುವುದರಲ್ಲಿದೆ. ಕುಟ್ಟುವವರು ನಾವು, ಅಡಿಗೆಮನೆಯವರು. ಕೊಂಡು ತಂದವರು. ನಾನು ನನ್ನ ಕುಟ್ಟಾಣಿಯನ್ನು ಒಯ್ದು ತೋಟದವಳಿಗೆ ಏಲಕ್ಕಿಯ ತತ್ತ್ವವನ್ನು ಉಪದೇಶಿಸಿದ್ದೆ.

ಅಂದಿನಿಂದ ನನ್ನ ಸಾಮ್ಯವನ್ನು ಬಿಡಿಸಿ ನೋಡತೊಡಗಿದೆ. ಮುಂದಿನ ಬೇಸಿಗೆಯಲ್ಲಿ ಸಕಲೇಶಪುರದ ಕಡೆಯ ಬಂಧುಗಳೊಬ್ಬರ ಮನೆಗೆ ಹೋದಾಗ ಏಲಕ್ಕಿಯ ಗಿಡಗಳ ನಡುವೆ ನಡೆದು ನೋಡಿದೆ. ನಮ್ಮಲ್ಲಿ ಕೊಡಗು, ಹಾಸನ, ಚಿಕ್ಕಮಗಳೂರಿನ ಘಟ್ಟಗಳಲ್ಲಿಯೂ, ಉತ್ತರ ಕನ್ನಡದ ಅಡಿಕೆ ತೋಟಗಳ ನಡುವೆಯೂ ಇದು ಬೆಳೆಯುತ್ತದೆ. ಆಳೆತ್ತರಕ್ಕಿಂತ ಮೇಲೆ ಬೆಳೆದ ಉದ್ದೆಲೆಯ ಗಿಡ. ಕಾಯಿ ಎಲ್ಲಿ ಎಂದು ತಲೆಯೆತ್ತಿ ಹುಡುಕಿದೆ. ಜೊತೆಗಿದ್ದವರು ನಕ್ಕು ನೆಲವನ್ನು ತೋರಿಸಿದರು. ಏಲಕ್ಕಿಯ ಹೂಗೊಂಚಲು ಬುಡದಿಂದ ಹೊರಟು ನೆಲದ ಹತ್ತಿರವೇ ಹರಿಯುತ್ತದೆ. ನಸುಬಿಳುಪಿನ ಸಣ್ಣ ಹೂವು, ಅದರ ತುಟಿಯಲ್ಲಿ ನೇರಳೆಯ ಗೆರೆಗಳು. ಜೇನುನೊಣ ಬಂದು ಹೋದರೆ ಕಾಯಿ. ಒಂದೇ ಗೊಂಚಲಿನಲ್ಲಿ ಬಲಿತ ಕಾಯಿ, ಎಳೆಯ ಕಾಯಿ, ಹೂವು ಎಲ್ಲ ಒಟ್ಟಿಗೆ ಇರುತ್ತವೆ. ಆದ್ದರಿಂದ ಒಮ್ಮೆಲೆ ಕೊಯ್ಯುವಂತಿಲ್ಲ. ತಿಂಗಳಿಗೋ ಒಂದೂವರೆ ತಿಂಗಳಿಗೋ ಒಂದು ಸಲ, ಪ್ರತಿ ಬುಡದ ಬಳಿಯೂ ಬಗ್ಗಿ ಕುಳಿತು, ಬಲಿತದ್ದನ್ನು ಮಾತ್ರ ಬೆರಳಿನಿಂದ ಆರಿಸಬೇಕು. ಮಳೆಯಿದ್ದರೆ ಇಂಬಳದ ಕಾಟ ಬೇರೆ. ಹೀಗೆ ಆರಿಸಿದ ನಾಲ್ಕೈದು ಕಿಲೋ ಹಸಿಕಾಯಿ ಒಣಗಿದಾಗ ಒಂದು ಕಿಲೋ ಏಲಕ್ಕಿ. ನಮ್ಮಮ್ಮ ಎಣಿಸುವುದಕ್ಕೆ ಮೊದಲೇ ಇನ್ನೊಬ್ಬ ಅಮ್ಮ ಅದನ್ನು ಒಂದೊಂದಾಗಿ ಎಣಿಸಿರುತ್ತಾಳೆ.

ಅಲ್ಲಿ ನಾನು ಮುಖ್ಯವಾಗಿ ಗಮನಿಸಿದ್ದು ನೆರಳನ್ನು. ಏಲಕ್ಕಿ ಉರಿಬಿಸಿಲನ್ನು ತಾಳದು. ಮೇಲೆ ದೊಡ್ಡ ಮರಗಳು ಬೇಕು, ಕೆಳಗೆ ತೇವ ಬೇಕು, ಉದುರೆಲೆಯ ಗೊಬ್ಬರ ಬೇಕು. ನೆಟ್ಟ ಗಿಡ ಫಲ ಕೊಡಲು ಮೂರು ವರ್ಷ ಕಾಯಬೇಕು. ಅದಕ್ಕೆ ತಗಲುವ ಒಂದು ರೋಗಕ್ಕೆ 'ಕಟ್ಟೆ' ಎಂಬ ನಮ್ಮ ಮಾತೇ ಅಂತರರಾಷ್ಟ್ರೀಯ ಶಾಸ್ತ್ರಗ್ರಂಥಗಳಲ್ಲಿ ನಿಂತಿದೆ. ಸಸ್ಯಹೇನಿನಿಂದ ಹರಡುವ ಆ ರೋಗ ಬಡಿದ ಗಿಡದ ಎಲೆಯಲ್ಲಿ ತಿಳಿಹಸಿರಿನ ಗೀರುಗಳು ಮೂಡುತ್ತವೆ, ಗಿಡ ಕುಗ್ಗುತ್ತದೆ, ಇಳುವರಿ ಬೀಳುತ್ತದೆ. ಕಷ್ಟದಿಂದ ಕಂಪು ಹುಟ್ಟುವುದಾದರೆ ಕಟ್ಟೆ ಬಡಿದ ತೋಟಕ್ಕಿಂತ ಪರಿಮಳದ ತೋಟ ಬೇರೆ ಇರಬಾರದಾಗಿತ್ತು. ಹಾಗಾಗುವುದಿಲ್ಲ. ಕಂಪು ಬೆಳೆದದ್ದು ನೆರಳಿನಲ್ಲಿ, ತಂಪಿನಲ್ಲಿ, ಯಾರೋ ಕಾಪಾಡಿದ್ದರಿಂದ.

ಇನ್ನು ಆ ಪರಿಮಳವೆಂಬುದು ಏನು? ಬೀಜದೊಳಗಿನ ಸೂಕ್ಷ್ಮಕೋಶಗಳಲ್ಲಿ ಗಿಡ ತುಂಬಿಟ್ಟ ಒಂದು ತೈಲ. ಗಾಳಿ ಸೋಕಿದರೆ ಆರಿಹೋಗುವಂಥದು. ನೀಲಗಿರಿ ಎಣ್ಣೆಯಲ್ಲಿರುವ ಸಿನಿಯೋಲ್ ಇದರಲ್ಲೂ ಉಂಟು. ಅದರ ಜೊತೆಗೆ ಟರ್ಪಿನೈಲ್ ಅಸಿಟೇಟ್ ಎಂಬ ಇನ್ನೊಂದು ಸೇರಿ ಏಲಕ್ಕಿಗೆ ಅದರದೇ ಆದ ಸಿಹಿಗಂಪು ಬರುತ್ತದೆ. ಇಂಥ ತೈಲಗಳನ್ನು ಗಿಡಗಳು ಮಾಡಿಕೊಳ್ಳುವುದು ಬಹುಮಟ್ಟಿಗೆ ಕೀಟ, ಬೂಷ್ಟುಗಳಿಂದ ತಮ್ಮನ್ನು ರಕ್ಷಿಸಿಕೊಳ್ಳಲು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಂದರೆ ಪರಿಮಳ ನಮಗಾಗಿ ಹುಟ್ಟಿದ್ದಲ್ಲ. ಅದರದೇ ಬಾಳಿಗಾಗಿ ಹುಟ್ಟಿದ್ದು. ಕುಟ್ಟಾಣಿ ಅದಕ್ಕೆ ಒಂದು ಕಣವನ್ನೂ ಕೂಡಿಸುವುದಿಲ್ಲ. ಕೋಶವನ್ನು ಒಡೆದು, ಇದ್ದದ್ದನ್ನು ಹೊರಗೆ ಚೆಲ್ಲುತ್ತದೆ, ಅಷ್ಟೆ. ಚೆಲ್ಲಿದ್ದು ನಮ್ಮ ಮೂಗಿಗೆ ಬರುವುದರಿಂದ ನಾವು ಅದನ್ನು 'ಬಂತು' ಎನ್ನುತ್ತೇವೆ. ಬೀಜದ ಕಡೆಯಿಂದ ನೋಡಿದರೆ ಅದು 'ಹೋಯಿತು'.

ಈ ಒಂದು ಮಾತಿನ ವ್ಯತ್ಯಾಸದಲ್ಲಿ ನೀತಿಶಾಸ್ತ್ರದ ದೊಡ್ಡ ಪ್ರಶ್ನೆಯೊಂದು ಅಡಗಿದೆಯೆಂದು ನನಗೆ ತೋರುತ್ತದೆ. ಕಷ್ಟ ಮನುಷ್ಯನಲ್ಲಿ ಒಳ್ಳೆಯತನವನ್ನು ಉಂಟುಮಾಡುತ್ತದೆಯೇ, ಅಥವಾ ಇರುವ ಒಳ್ಳೆಯತನವನ್ನು ಖರ್ಚು ಮಾಡಿಸುತ್ತದೆಯೇ? ಮೊದಲನೆಯದು ನಿಜವಾದರೆ ಕಷ್ಟ ಕೊಟ್ಟವನೂ ಒಂದು ರೀತಿಯಲ್ಲಿ ಉಪಕಾರಿಯೇ. ಬಡತನ ಒಂದು ವಿದ್ಯಾಲಯ, ಅನ್ಯಾಯ ಒಬ್ಬ ಉಪಾಧ್ಯಾಯ. ಎರಡನೆಯದು ನಿಜವಾದರೆ ಪ್ರತಿಯೊಂದು ಕಷ್ಟವೂ ಯಾರದೋ ಒಳಗಿನ ಸಂಚಿತವನ್ನು ಕರಗಿಸುತ್ತಿರುತ್ತದೆ. ತಾಯಿಯ ಕಾಯಿಲೆಯಲ್ಲಿ ಆ ಹುಡುಗಿ ತೋರಿಸಿದ ಧೈರ್ಯ ಕಾಯಿಲೆ ಕೊಟ್ಟದ್ದಲ್ಲ. ಅವಳಲ್ಲಿ ಮೊದಲೇ ಇತ್ತು. ಯಾರ ಮಮತೆಯ ನೆರಳಿನಲ್ಲೋ ಬೆಳೆದಿತ್ತು. ಕಾಯಿಲೆ ಅದನ್ನು ಖರ್ಚು ಮಾಡಿಸಿತು. ಇನ್ನೂ ಎರಡು ಪೆಟ್ಟು ಬಿದ್ದಿದ್ದರೆ ಮುಗಿದೂ ಹೋಗಬಹುದಿತ್ತು.

ಇದಕ್ಕೆ ಒಂದು ಆಕ್ಷೇಪಣೆ ಬರುತ್ತದೆ. ಬೀದಿದೀಪದ ಕೆಳಗೆ ಓದಿ ದೊಡ್ಡವರಾದವರಿಲ್ಲವೇ? ಸೆರೆಮನೆಯಲ್ಲಿ ಮಹಾಗ್ರಂಥ ಬರೆದವರಿಲ್ಲವೇ? ಇದ್ದಾರೆ. ಆದರೆ ಅದೇ ದೀಪದ ಕೆಳಗೆ ಕಣ್ಣು ಕಳೆದುಕೊಂಡವರ, ಅದೇ ಸೆರೆಯಲ್ಲಿ ಬುದ್ಧಿ ಭ್ರಮಿಸಿದವರ ಜೀವನಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಕುಟ್ಟಿದಾಗ ಕಂಪು ಸೂಸಿದ್ದನ್ನು ಮಾತ್ರ ನಾವು ಏಲಕ್ಕಿಯೆಂದು ಕರೆಯುತ್ತೇವೆ. ಸೂಸದೆ ಪುಡಿಯಾದದ್ದನ್ನು ಗುಡಿಸಿ ಹಾಕುತ್ತೇವೆ. ಲೆಕ್ಕದಲ್ಲಿ ಒಂದು ಪುಟವನ್ನೇ ಹರಿದ ಮೇಲೆ ಲಾಭ ಕಾಣುವುದು ಆಶ್ಚರ್ಯವಲ್ಲ. ದೊಡ್ಡವರಾದವರು ಕೂಡ ಕಷ್ಟದಿಂದ ದೊಡ್ಡವರಾದರೋ, ಕಷ್ಟವನ್ನೂ ಮೀರಿ ದೊಡ್ಡವರಾದರೋ ಎಂಬುದನ್ನು ಅವರನ್ನೇ ಕೇಳಬೇಕು. ಅವರಲ್ಲಿ ಹೆಚ್ಚಿನವರು ತಮ್ಮ ಮಕ್ಕಳನ್ನು ಬೀದಿದೀಪಕ್ಕೆ ಕಳಿಸಲಿಲ್ಲವೆಂಬುದೇ ಉತ್ತರವೆಂದು ನನಗೆ ತೋರುತ್ತದೆ.

ಇನ್ನೊಂದು ಆಕ್ಷೇಪಣೆ ಹೆಚ್ಚು ಗಂಭೀರವಾದುದು. ಅಕ್ಕಮಹಾದೇವಿಯೇ ತನ್ನ ವಚನವೊಂದರಲ್ಲಿ ಗಂಧ, ಚಿನ್ನ, ಕಬ್ಬುಗಳ ಮಾತನ್ನು ಎತ್ತಿದ್ದಾಳಲ್ಲ! ಎಷ್ಟೋ ಸಲ ಪಾಠ ಮಾಡಿದ ಆ ವಚನವನ್ನು ಅಂದು ಮತ್ತೆ ತೆಗೆದು ಓದಿದೆ. ಎರಡು ಸಂಗತಿಗಳು ಮೊದಲ ಸಲ ಕಣ್ಣಿಗೆ ಬಿದ್ದವು. ಅಕ್ಕ ಅಲ್ಲಿ, ಕಡಿದದ್ದರಿಂದ ಗಂಧಕ್ಕೆ ಕಂಪು ಬಂತೆಂದು ಹೇಳುವುದೇ ಇಲ್ಲ. ನೋವಾಯಿತೆಂದು ಅದು ತನ್ನ ಕಂಪನ್ನು ಬಿಟ್ಟುಕೊಡಲಿಲ್ಲ ಎನ್ನುತ್ತಾಳೆ. ನೋವು ಕಂಪಿಗೆ ಕಾರಣವಲ್ಲ. ಕಂಪು ನೋವಿಗೆ ಸೋಲಲಿಲ್ಲ. ಎರಡನೆಯದು, ಅದನ್ನು ಹೇಳುತ್ತಿರುವವಳು ಯಾರು? ಕಡಿಸಿಕೊಂಡವಳು, ತೇಯಿಸಿಕೊಂಡವಳು. ಅವಳ ಮಾತು ಗಂಧದ ಕೊರಡಿನ ಮಾತು. ನಾನು ಆಡಿದ್ದು ತೇಯುವ ಕಲ್ಲಿನ ಮಾತು. ನೊಂದವರು ತಮ್ಮ ಬಗ್ಗೆ ಹೇಳಿಕೊಂಡರೆ ಯಾವುದು ವೀರವಾಣಿಯೋ, ಅದನ್ನೇ ನೋಯದವರು ಇನ್ನೊಬ್ಬರಿಗೆ ಹೇಳಿದರೆ ಕ್ರೌರ್ಯವಾಗುತ್ತದೆ. ಶಬ್ದಗಳು ಅವೇ ಇರಬಹುದು. ಸತ್ಯ ಶಬ್ದದಲ್ಲಷ್ಟೇ ಇರುವುದಿಲ್ಲ, ಬಾಯಿಯಲ್ಲೂ ಇರುತ್ತದೆ.

ಹಾಗಾದರೆ ಶಿಸ್ತು, ತಪಸ್ಸು, ಅಭ್ಯಾಸದ ಬೇಗೆ ಯಾವುದೂ ಬೇಡವೇ? ಅಧ್ಯಾಪಕನಾಗಿ ಹಾಗೆನ್ನಲಾರೆ. ಇದಕ್ಕೂ ಏಲಕ್ಕಿಯ ಮನೆಯಲ್ಲೇ ಉತ್ತರವಿದೆ. ಹಸಿಕಾಯಿಯನ್ನು ಹಾಗೆಯೇ ಇಟ್ಟರೆ ಕೊಳೆಯುತ್ತದೆ; ಒಣಗಿಸಲೇಬೇಕು. ಅದಕ್ಕೆಂದು ಗೂಡುಗಳಿವೆ. ಒಳಗೆ ಸುಮಾರು 45ರಿಂದ 55 ಡಿಗ್ರಿಯ ಹದವಾದ ಶಾಖ. ತಂತಿಜಾಲರಿಯ ತಟ್ಟೆಗಳ ಮೇಲೆ ಕಾಯಿಯನ್ನು ತೆಳ್ಳಗೆ ಹರಡಿ, ಆಗಾಗ ಕೈಯಾಡಿಸುತ್ತ, ಸುಮಾರು ಒಂದು ಹಗಲು ಒಂದು ರಾತ್ರಿ ಕಾಯುತ್ತಾರೆ. ಶಾಖ ಕಡಿಮೆಯಾದರೆ ಬೂಷ್ಟು. ಹೆಚ್ಚಾದರೆ ಹಸಿರು ಬಣ್ಣ ಹೋಗುತ್ತದೆ, ಕಾಯಿ ಬಿರಿಯುತ್ತದೆ, ತೈಲ ಹಾರುತ್ತದೆ. ಆದ್ದರಿಂದ ಆ ರಾತ್ರಿ ಒಬ್ಬರು ನಿದ್ದೆಗೆಟ್ಟು ಒಲೆಯ ಬಳಿ ಇರಬೇಕು. ಇದೂ ಬೇಗೆಯೇ. ಆದರೆ ಕಾಯಿ ಇಡಿಯಾಗಿ ಉಳಿಯಬೇಕೆಂದು ಬಯಸುವವರು ಅಳೆದು ಕೊಡುವ ಬೇಗೆ. ಕೊಡುವವರೂ ಜೊತೆಗೆ ಎಚ್ಚರವಿರುವ ಬೇಗೆ. ಅದು ಕೂಡ ಪರಿಮಳವನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಉಳಿಸುತ್ತದೆ. ಶಿಕ್ಷಣವೆಂದರೆ ಈ ಗೂಡು. ಕುಟ್ಟಾಣಿಯಲ್ಲ. ಕೆಳಗೆ ಬೆಂಕಿ ಹಾಕಿ ಮಲಗಲು ಹೋದವನು ತಾನು ಶಿಸ್ತು ಕಲಿಸುತ್ತಿದ್ದೇನೆ ಎನ್ನಬಾರದು.

ಏಲಕ್ಕಿಯ ಚರಿತ್ರೆಯಲ್ಲೇ ಇನ್ನೊಂದು ವಿಚಿತ್ರವಿದೆ. ನಮ್ಮ ಘಟ್ಟದ ಈ ಬೆಳೆ 20ನೆಯ ಶತಮಾನದ ಆರಂಭದಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾ ದೇಶಕ್ಕೆ ಹೋಯಿತು. ಕ್ರಮೇಣ ಆ ಸಣ್ಣ ದೇಶ ಏಲಕ್ಕಿಯ ರಫ್ತಿನಲ್ಲಿ ನಮ್ಮನ್ನು ಹಿಂದೆ ಹಾಕಿತು. ಅಲ್ಲಿ ಅದನ್ನು ಬೆಳೆಯುವವರಲ್ಲಿ ಬಹುಮಂದಿ ಮಾಯಾ ಜನಾಂಗದ ಬಡ ರೈತರು. ಅವರ ಅಡಿಗೆಯಲ್ಲಿ ಏಲಕ್ಕಿಗೆ ಸ್ಥಳವೇ ಇಲ್ಲ. ಬೆಳೆದದ್ದೆಲ್ಲ ಹಡಗು ಹತ್ತಿ ಬಹುಪಾಲು ಅರಬರ ಕಾಫಿಗೆ ಹೋಗುತ್ತದೆ. ಇದು ಬರಿಯ ರುಚಿಭೇದದ ವಿಷಯವೆನ್ನಬಹುದು. ಆದರೆ ನಮ್ಮ ತೋಟದ ಲೈನ್ ಮನೆಗಳಲ್ಲಿ ಎಷ್ಟು ಸಲ ಪಾಯಸಕ್ಕೆ ಏಲಕ್ಕಿ ಬೀಳುತ್ತದೆ? ಕಂಪು ಒಬ್ಬರ ಬೆರಳಿಗೆ ಅಂಟುತ್ತದೆ, ಇನ್ನೊಬ್ಬರ ನಾಲಗೆಗೆ ಸೇರುತ್ತದೆ. ಇದಿಷ್ಟೇ ಆದರೆ ಲೋಕವ್ಯಾಪಾರವೆಂದು ಸುಮ್ಮನಿರಬಹುದು. ನಾಲಗೆಯವನು ಬೆರಳಿನವಳಿಗೆ ಅದರ ತತ್ತ್ವವನ್ನೂ ಹೇಳತೊಡಗಿದರೆ ಅದು ಅತಿಯಾಯಿತು.

ಕುಟ್ಟುವುದು ತಪ್ಪೆಂದ ಮೇಲೆ ಕುಟ್ಟದೆ ಕಟ್ಟಿಡುವುದು ಸರಿಯೇ ಎಂದು ಕೇಳುವವರಿಗೂ ಒಂದು ಮಾತು ಹೇಳಬೇಕು. ಏಲಕ್ಕಿಯ ಹಾರವೆಂದರೆ ನಮ್ಮ ಹಾವೇರಿಯದು ಪ್ರಸಿದ್ಧ. ಹಿಂದೆ ಮಲೆನಾಡಿನ ಏಲಕ್ಕಿ ಹಾವೇರಿಗೆ ಬಂದು, ಅಲ್ಲಿ ತೊಳೆದು ಬಿಳುಪಾಗಿ, ಬೇರೆ ಕಡೆಗೆ ಮಾರಾಟಕ್ಕೆ ಹೋಗುತ್ತಿತ್ತು. ಏಲಕ್ಕಿ ಕಂಪಿನ ನಾಡು ಎಂಬ ಹೆಸರು ಆ ಊರಿಗೆ ಇಂದಿಗೂ ಇದೆ. 2023ರ ಜನವರಿಯಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಅಲ್ಲಿಯೇ ನಡೆಯಿತು. ಅಲ್ಲಿಯ ಕುಶಲಿಗಳು ಕಾಯಿಗಳನ್ನು ಒಂದೊಂದಾಗಿ ಪೋಣಿಸಿ, ಮಣಿ, ಜರಿಗಳಿಂದ ಅಲಂಕರಿಸಿ ಕಟ್ಟುವ ಹಾರ ನೋಡಲು ಕಣ್ಣಿಗೆ ಹಬ್ಬ. ಅಂಥದೊಂದು ಹಾರ ಸುಮಾರು ಹತ್ತು ವರ್ಷದ ಹಿಂದೆ ನನ್ನ ಕೊರಳಿಗೂ ಬಿದ್ದಿತ್ತು. ಅದನ್ನು ಗಾಜಿನ ಬೀರುವಿನಲ್ಲಿ ತೂಗುಹಾಕಿದೆ. ಬಂದವರಿಗೆ ತೋರಿಸಿದೆ. ಮನೆಯಲ್ಲಿ ಏಲಕ್ಕಿ ಮುಗಿದ ಒಂದು ಹಬ್ಬದ ದಿನ ಹೆಂಡತಿ ಅದರಿಂದ ಎರಡು ಕಾಯಿ ಕೇಳಿದಾಗ, ಹಾರ ಕೆಡುತ್ತದೆಂದು ಕೊಡಲಿಲ್ಲ. ಈ ಲೇಖನ ಬರೆಯುವ ಮುನ್ನ ಬೀರು ತೆರೆದು ಒಂದು ಕಾಯಿಯನ್ನು ಬಿಡಿಸಿ ನೋಡಿದೆ. ಬೀಜವಿತ್ತು, ಕಂಪು ಇರಲಿಲ್ಲ. ಯಾರೂ ಅದನ್ನು ಕುಟ್ಟಿರಲಿಲ್ಲ, ಆದರೂ ಹೋಗಿತ್ತು. ಹಾರ ಕಟ್ಟಿದವರ ತಪ್ಪಲ್ಲ, ಏಲಕ್ಕಿಯ ತಪ್ಪಂತೂ ಅಲ್ಲ. ಹೊತ್ತಿಗೆ ಒದಗದೆ ಇಟ್ಟುಕೊಂಡವನ ತಪ್ಪು.

ಹೀಗೆ ಏಲಕ್ಕಿ ಎರಡು ಬಗೆಯಲ್ಲಿ ವ್ಯರ್ಥವಾಗುತ್ತದೆ. ಮನುಷ್ಯನ ಗುಣವೂ ಹಾಗೆಯೇ. ಅದನ್ನು ಖರ್ಚು ಮಾಡಲೇಬೇಕು, ಆದರೆ ಖರ್ಚು ಮಾಡುವ ಅಧಿಕಾರ ಯಾರದು ಎಂಬುದೇ ಪ್ರಶ್ನೆ. ತನ್ನ ಏಲಕ್ಕಿಯನ್ನು ತಾನೇ ಒಡೆದು ಇನ್ನೊಬ್ಬರ ಪಾಯಸಕ್ಕೆ ಹಾಕುವುದು ತ್ಯಾಗ. ಇನ್ನೊಬ್ಬರದನ್ನು ಒಡೆದು, ಕಂಪು ಹೊರಟಿತಲ್ಲ, ಸಂತೋಷಪಡಿ ಎನ್ನುವುದಕ್ಕೆ ತ್ಯಾಗವೆಂಬ ಹೆಸರು ಸಲ್ಲದು. ಇನ್ನೊಬ್ಬರ ಕಷ್ಟದ ಎದುರಿಗೆ ನಮಗೆ ಇರುವ ಕೆಲಸ ಒಂದೇ: ನಮ್ಮ ಡಬ್ಬಿಯಲ್ಲಿ ಏನಾದರೂ ಇದೆಯೇ ಎಂದು ನೋಡುವುದು. ಅಂದು ನನ್ನ ಡಬ್ಬಿಯಲ್ಲಿ ಅರ್ಧ ಗಂಟೆ ಇತ್ತು. ಒಂದು ಹಾಳೆ ಕಾಗದ, ಒಂದು ಸಹಿ ಇತ್ತು. ಅವನ್ನು ನಾನು ಎಣಿಸಿ ಒಳಗಿಟ್ಟೆ. ಬದಲಿಗೆ ಒಂದು ಉಪಮೆಯನ್ನು ಕೊಟ್ಟೆ, ಅದಕ್ಕೆ ಖರ್ಚಿಲ್ಲವಲ್ಲ.

ಆ ಹುಡುಗಿ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ಮರುದಿನವೇ ಬರೆದಿದ್ದರೂ ಆಗುತ್ತಿತ್ತು. ಅವಳ ಮಾತು ನನಗೆ ಮುಳ್ಳಿನಂತೆ ಚುಚ್ಚಿದ್ದರಿಂದ ಎರಡು ದಿನ ಮುನಿಸಿಕೊಂಡಿದ್ದೆ. ಮೂರನೆಯ ದಿನ ಬರೆದ ಪತ್ರ ಗಡುವು ಮೀರಿ ಹೋಗಿತ್ತು. ಮರುವರ್ಷ ಅವಳು ಬಂದು ಓದಿ, ಒಳ್ಳೆಯ ಅಂಕಗಳಿಂದಲೇ ತೇರ್ಗಡೆಯಾದಳು. ಸಹೋದ್ಯೋಗಿಯೊಬ್ಬರು, 'ನೋಡಿದಿರಾ, ಕಷ್ಟ ಅವಳನ್ನು ಗಟ್ಟಿ ಮಾಡಿತು' ಎಂದರು. ಹಿಂದೆಯಾಗಿದ್ದರೆ ನಾನೂ ಹೌದೆನ್ನುತ್ತಿದ್ದೆ. ಈಗ ಅನ್ನಲಾರೆ. ಅವಳು ಗಟ್ಟಿಯಾಗಿಯೇ ಇದ್ದಳು. ಹೋದದ್ದು ಒಂದು ವರ್ಷ. ಇಪ್ಪತ್ತು ವಯಸ್ಸಿನ, ತಾಯಿಯ ಕೂಲಿಯಿಂದ ನಡೆಯುವ ಮನೆಯ ಒಂದು ವರ್ಷ. ಅದರ ಲೆಕ್ಕವನ್ನು ಅವಳ ಅಂಕಪಟ್ಟಿಯಿಂದ ತೀರಿಸಿಕೊಳ್ಳುವ ಹಕ್ಕು ನನಗಿಲ್ಲ.

ಅಮ್ಮ ಬಂದವರಿಗೆ ಏಲಕ್ಕಿ ಕೊಡುತ್ತಿದ್ದ ರೀತಿ ಈಗ ನೆನಪಾಗುತ್ತದೆ. ಎಷ್ಟೇ ಎಣಿಕೆಯಿದ್ದರೂ ತಾಂಬೂಲದ ತಟ್ಟೆಯಲ್ಲಿ ಒಂದು ಕಾಯಿ ಇಟ್ಟೇ ಕೊಡುತ್ತಿದ್ದಳು. ಬಿಡಿಸಿ ಕೊಡುತ್ತಿರಲಿಲ್ಲ, ಕುಟ್ಟಿ ಕೊಡುತ್ತಿರಲಿಲ್ಲ, ಇಡೀ ಕಾಯಿ. ಯಾಕೆಂದು ಒಮ್ಮೆ ಕೇಳಿದ್ದೆ. 'ಅವರಿಗೆ ಬೇಕಾದಾಗ ಬಿಡಿಸಿಕೊಳ್ಳಲಿ, ನಮಗೇನು ಅವಸರ?' ಎಂದಿದ್ದಳು. ಕೆಲವರು ಅಲ್ಲಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಕೆಲವರು ಮಡಿಲಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಿದ್ದರು.

ಕುಟ್ಟಾಣಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಹಬ್ಬಕ್ಕೆ ಸದ್ದು ಮಾಡುತ್ತದೆ. ಆ ಸದ್ದಿಗೆ ಈಗ ನನ್ನ ಮಕ್ಕಳು ಓಡುತ್ತಾರೆ. ಪರಿಮಳ ಎಂದಿನಂತೆ ಜಗುಲಿಗೆ ಬರುತ್ತದೆ, ಎಂದಿನಂತೆ ನನಗೆ ಸಂತೋಷವಾಗುತ್ತದೆ. ಆ ಉಪಮೆಯನ್ನು ಮಾತ್ರ ತರಗತಿಯಲ್ಲಿ ಬಿಟ್ಟಿದ್ದೇನೆ. ಯಾರಾದರೂ ಪತ್ರ ಕೇಳಿಕೊಂಡು ಬಂದರೆ, ಅವರನ್ನು ಕೂರಿಸಿ, ಅಲ್ಲಿಯೇ ಬರೆದು ಕೈಗೆ ಕೊಡುತ್ತೇನೆ.